ಮೂರನೇ ಟಗರು

ನನ್ನ ಮೊಮ್ಮಗಳು ಸಿಂಚನ ಗ್ರಾಮ ಪಂಚಾಯಿತಿ ಅಧ್ಯಕ್ಷೆಯಾದಳು! ಈ ಮಾತನ್ನು ನಾನು ಇದುವರೆಗೆ ಊರಿನವರಿಗೆಲ್ಲ ತಲಾ ನಾಲ್ಕು ಸಲ ಹೇಳಿದ್ದೇನೆ. ಸಂತೆಬಾಚಹಳ್ಳಿ ಸಂತೆಯಲ್ಲಿ ಬದನೆಕಾಯಿ ಮಾರುವವಳಿಗೂ ಹೇಳಿದ್ದೇನೆ. ಕೆ.ಆರ್. ಪೇಟೆ ಬಸ್ಸಿನ ಕಂಡಕ್ಟರಿಗೆ ಹೇಳಿದಾಗ ಅವನು ‘ಟಿಕೆಟ್ ತಗೊಳ್ಳಿ ಯಜಮಾನ್ರೇ’ ಎಂದ. ಅದನ್ನೇ ಅಭಿನಂದನೆ ಎಂದು ಸ್ವೀಕರಿಸಿದೆ. ಇಪ್ಪತ್ತಾರು ವರ್ಷದ ಹುಡುಗಿ! ಅವಳಿಗೆ ಅ ಆ ಇ ಈ ತಿದ್ದಿಸಿದವನು ನಾನು. ‘ಈ’ ದಾಟಿದ ಮೇಲೆ ನನಗೂ ಸ್ವಲ್ಪ ಕಷ್ಟವಾಯಿತು, ಅದು ಬೇರೆ ವಿಷಯ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಸುತ್ತಲಿನ ಏಳು ಹಳ್ಳಿಯಲ್ಲಿ ನನಗೊಂದು ಹುದ್ದೆಯಿತ್ತು. ಮದುವೆ, ನಾಮಕರಣ, ಗೃಹಪ್ರವೇಶ ಏನೇ ಇರಲಿ, ಬಾಗಿಲ ಹತ್ತಿರ ಟೇಬಲ್ ಹಾಕಿಕೊಂಡು ಕೂತು ಮುಯ್ಯಿ ಬರೆಯುವವನು ನಾನೇ. ಬಂದವರು ಏನು ಉಡುಗೊರೆ ತಂದರೋ ಅದನ್ನು ಬರೆದುಕೊಳ್ಳಬೇಕು, ಮೈಕಿನಲ್ಲಿ ಕೂಗಬೇಕು. ನಾಳೆ ಅವರ ಮನೆಯ ಕಾರ್ಯಕ್ಕೆ ಅಷ್ಟನ್ನೇ ತಿರುಗಿಸಬೇಕಲ್ಲ, ಅದಕ್ಕೆ. ನಲವತ್ತು ವರ್ಷದ ಈ ಸೇವೆಯಲ್ಲಿ ನಾನೊಂದು ಪದ್ಧತಿ ಇಟ್ಟುಕೊಂಡಿದ್ದೆ: ಬರೆಯುವಾಗ ಇದ್ದಷ್ಟೇ, ಕೂಗುವಾಗ ಒಂದು ಹೆಚ್ಚು. ಐದು ತೆಂಗಿನಕಾಯಿ ತಂದವನಿಗೆ ‘ಆರು’ ಎಂದು ಕೂಗುತ್ತಿದ್ದೆ. ತಂದವನ ಮುಖ ಅರಳುತ್ತಿತ್ತು. ಆರನೆಯದು ಗೌರವದ ಕಾಯಿ. ಹೊರುವುದಕ್ಕೂ ಭಾರವಿಲ್ಲ!

ನನ್ನನ್ನು ಊರ ಮುಂದೆ ಕೆಡವಿದ್ದು ಈ ಒಂದು ಹೆಚ್ಚೇ.

ಚುನಾವಣೆಗೆ ನಿಂತಾಗ ಸಿಂಚನ ಒಂದು ಚೀಟಿ ಅಚ್ಚು ಹಾಕಿಸಿದ್ದಳು. ಅದರಲ್ಲಿ ಇದ್ದದ್ದು ಎರಡೇ ಮಾತು. ಒಂದು, ಶಾಲೆಯಿಂದ ಕೆರೆಯ ಕೋಡಿಯವರೆಗೆ ಗಟ್ಟಿ ಚರಂಡಿ. ಎರಡು, ಚುನಾವಣೆಯಲ್ಲಿ ಮೆಂಬರುಗಳ ಮನೆಗೆ ಏನನ್ನಾದರೂ ಕೊಟ್ಟವರಿಗೆ ಪಂಚಾಯಿತಿ ಕೆಲಸದ ಗುತ್ತಿಗೆ ಇಲ್ಲ.

“ಯಾಕವ್ವ ಇಂಗೆ ಬರ್ಸಿದ್ದೀಯ? ಕೊಡೋರ ಕೈ ಯಾಕೆ ಕಟ್ಟಾಕ್ತೀಯ?” ಎಂದು ಕೇಳಿದೆ.

“ತಾತ, ನಮ್ ಬೀದಿ ಚರಂಡಿ ಎಷ್ಟ್ ಸಲ ಕಟ್ಟವ್ರೆ?”

“ಮೂರು ಸಲ.”

“ಎಷ್ಟ್ ಸಲ ಬಿದ್ದೋಯ್ತು?”

“ಮೂರು ಸಲ.”

“ಎಲೆಕ್ಷನ್ನಲ್ಲಿ ಕೊಟ್ಟಿದ್ದನ್ನ ಸಿಮೆಂಟಲ್ಲಿ ವಾಪಸ್ ತಗೀತಾವ್ರೆ, ಅದ್ಕೇ ಬಿದ್ದೋಯ್ತದೆ” ಎಂದಳು.

ಮೂರು ಸಲವೂ ಕಟ್ಟಿದ ಪುಣ್ಯಾತ್ಮ ಕಂಟ್ರಾಕ್ಟರ್ ಜವರಪ್ಪ. ಅವನ ಚರಂಡಿ ಟೀಯಲ್ಲಿ ಅದ್ದುವ ರಸ್ಕಿನ ಹಾಗೆ. ನೀರು ಕಾಣುವವರೆಗೆ ಗಟ್ಟಿ! ಮೂರನೆಯದು ಕುಸಿದಾಗ ನನ್ನ ಹೆಂಡತಿ ಚಿಕ್ಕತಾಯಮ್ಮ ಅದರೊಳಗೆ ಬಿದ್ದು ಕಾಲು ಮುರಿದುಕೊಂಡಳು. ಅಂದಿನಿಂದ ಕೋಲು ಹಿಡಿದೇ ನಡೆಯುತ್ತಾಳೆ. ಆ ಕೋಲನ್ನು ನೋಡಿಕೊಂಡೇ ಸಿಂಚನ ಚುನಾವಣೆಗೆ ನಿಂತದ್ದು.

ಚುನಾವಣೆಯ ವಾರದಲ್ಲೇ ನಮ್ಮ ಮನೆಯ ಮರಿಮಗನಿಗೆ ಕಿವಿ ಚುಚ್ಚುವ ಕಾರ್ಯ ಬಂತು. ನಾನೇ ಬರಿಸಿದೆ ಎನ್ನಿ. ಆ ವಾರ ಪಂಚಾಯಿತಿಗೆ ನಿಂತವರ ಮನೆಯಲ್ಲೆಲ್ಲ ಶುಭಕಾರ್ಯವೇ. ಒಂದು ಕಡೆ ಹೆಸರಿಡುವುದು, ಒಂದು ಕಡೆ ಮುಡಿ ತೆಗೆಸುವುದು. ಒಬ್ಬರ ಮನೆಯಲ್ಲಿ ಮಗುವೇ ಇರಲಿಲ್ಲ. ಪಾಪ, ಅವರು ಬೋರ್‌ವೆಲ್ಲಿಗೆ ಹೆಸರಿಟ್ಟರು! ಎಲ್ಲ ಕಡೆಯೂ ಬಾಡೂಟ. ಟಗರು ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಎಲೆ ಮುಂದೆ ಕೂತವರು ಕೇಳುವ ಪ್ರಶ್ನೆಯಲ್ಲ ಅದು.

ಜವರಪ್ಪನಿಗೆ ಚಿಕ್ಕಮಕ್ಕಳ ಕಿವಿ ಎಂದರೆ ಎಷ್ಟು ಅಕ್ಕರೆ ಎನ್ನುವುದು ನನಗೆ ಆಗಲೇ ಗೊತ್ತಾದದ್ದು. ಗೂಡ್ಸ್ ಆಟೋದಲ್ಲಿ ಎರಡು ಟಗರು ಇಳಿಸಿ, ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ. “ಯಜಮಾನ್ರೇ, ಇದು ಎಲೆಕ್ಷನ್‌ಗಲ್ಲ. ಮಗೀನ್ ಕಿವೀಗೆ!” ಎಂದ. ಎರಡು ಕಿವಿ, ಎರಡು ಟಗರು. ಲೆಕ್ಕವೂ ಸರಿಹೋಯಿತಲ್ಲ!

ಸಿಂಚನ ಪ್ರಚಾರ ಮುಗಿಸಿ ಬಂದು ಕೇಳಿದಳು: “ತಾತ, ಈ ಟಗರು ಯಾರ್ದು?”

“ನೆಂಟರದು ಕಣವ್ವ, ಅಕ್ಕಿಹೆಬ್ಬಾಳು ಕಡೇದು” ಎಂದೆ.

ಸುಳ್ಳಲ್ಲ. ಜವರಪ್ಪನ ಸೋದರತ್ತೆಯನ್ನು ಅಕ್ಕಿಹೆಬ್ಬಾಳಿಗೆ ಕೊಟ್ಟಿದ್ದಾರೆ. ನನ್ನ ಷಡ್ಡಕನೂ ಆ ಊರಿನವನೇ. ನಡುವೆ ನಾಲ್ಕು ಬೀದಿ ಇದೆ, ಅಷ್ಟೇ.

ಅವಳು ಗೆದ್ದಳು. ಮೀಸಲಾತಿಯಲ್ಲಿ ಅಧ್ಯಕ್ಷ ಸ್ಥಾನಕ್ಕೆ ಒದಗುವವಳು ಅವಳೊಬ್ಬಳೇ ಇದ್ದುದರಿಂದ ಕುರ್ಚಿಯೂ ಸಿಕ್ಕಿತು. ಮೊದಲ ಸಭೆಯಲ್ಲೇ ಚೀಟಿಯ ಎರಡನೇ ಮಾತನ್ನು ನಿರ್ಣಯವಾಗಿ ಮಂಡಿಸಿದಳು. ಪ್ರತಿಯೊಬ್ಬ ಮೆಂಬರೂ ಚುನಾವಣೆ ಹೊತ್ತಲ್ಲಿ ತನ್ನ ಮನೆಗೆ ಯಾರಿಂದ ಏನು ಬಂತು ಎಂದು ಬರೆದುಕೊಡಬೇಕು, ಅದನ್ನು ಗ್ರಾಮಸಭೆಯಲ್ಲಿ ಓದಬೇಕು, ಆ ಪಟ್ಟಿಯಲ್ಲಿದ್ದವರಿಗೆ ಗುತ್ತಿಗೆ ಇಲ್ಲ. ಉಳಿದ ಹತ್ತು ಮೆಂಬರುಗಳು ನಗುನಗುತ್ತಾ ಕೈ ಎತ್ತಿದರು. ಬರೆಯುವ ಕೈ ತಮ್ಮದೇ ಅಲ್ಲವೇ!

“ತಾತ, ನಮ್ಮನೇದು ನೀನೇ ಬರ್ದು ನೀನೇ ಓದು. ನಿನ್ ಅಕ್ಷರ ಚೆಂದಾಗೈತೆ” ಎಂದಳು ಸಿಂಚನ. ನಮ್ಮ ಮನೆಗೆ ಬಂದದ್ದು ಬರೀ ನೆಂಟರ ಪ್ರೀತಿ ಎಂದು ನಂಬಿದ್ದಳು, ಕೂಸು. ನನಗೋ, ಗ್ರಾಮಸಭೆಯಲ್ಲಿ ಮೈಕು ಸಿಗುತ್ತದೆ ಎನ್ನುವ ಸುದ್ದಿಗೆ ಎರಡು ದಿನ ಅನ್ನ ಸೇರಲಿಲ್ಲ.

ಚಿಕ್ಕತಾಯಮ್ಮ ಮಾತ್ರ ನಾನು ಬರೆಯುವುದನ್ನು ನೋಡಿ ಒಲೆಯ ಮುಂದಿನಿಂದ ಎದ್ದು ಬಂದಳು.

“ಏನೇನ್ ಬರೀತಿದ್ದೀಯ?”

“ಬಂದಿದ್ದೆಲ್ಲಾನೂವೆ.”

“ಜವರಪ್ಪನ ಟಗ್ರೂನಾ? ಮೊದ್ಲು ಆ ಮಗೀಗೆ ಯೋಳು. ಆಮೇಲ್ ಬರಿ.”

“ಕೊಟ್ಟೋನ ಹೆಸ್ರು ಬುಟ್ರೆ ಅವ್ನಿಗೆ ಅವಮಾನ ಆಗಾಕಿಲ್ವೇನೇ? ನಲವತ್ ವರ್ಷದಲ್ಲಿ ನಾನು ಒಂದ್ ಹೆಸ್ರೂ ಬುಟ್ಟಿಲ್ಲ!”

“ನಿನ್ ತಲೇಲಿ ಇರೋದು ಮಿದುಳೋ, ಮುಯ್ಯಿ ಪುಸ್ತಕಾನೋ?” ಎಂದು ಒಲೆಯ ಮುಂದಕ್ಕೆ ವಾಪಸಾದಳು. ನಾನು ಅದನ್ನು ಹೊಗಳಿಕೆ ಎಂದುಕೊಂಡೆ.

ಗ್ರಾಮಸಭೆಯ ದಿನ ಶಾಲೆಯ ಮುಂದೆ ಶಾಮಿಯಾನ. ಊರೆಲ್ಲ ಸೇರಿತ್ತು. ಜವರಪ್ಪ ಬಿಳಿ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದ. ನಾಲ್ಕನೇ ಸಲ ಚರಂಡಿ ಕಟ್ಟುವ ಉತ್ಸಾಹ ಅವನ ಮುಖದಲ್ಲಿ ಕುಣಿಯುತ್ತಿತ್ತು. ಹತ್ತು ಮೆಂಬರುಗಳು ಒಬ್ಬೊಬ್ಬರಾಗಿ ಎದ್ದು ಓದಿದರು. “ಏನೂ ಇಲ್ಲ.” “ಏನೂ ಇಲ್ಲ.” “ಏನೇನೂ ಇಲ್ಲ.” ಬೋರ್‌ವೆಲ್ಲಿಗೆ ಹೆಸರಿಟ್ಟವರಂತೂ “ಒಂದು ಎಲೆ ಅಡಿಕೆಯೂ ಇಲ್ಲ” ಎಂದು ಕಣ್ಣು ಒರೆಸಿಕೊಂಡರು. ಇಂಥ ಸಂನ್ಯಾಸಿಗಳು ನಮ್ಮ ಪಂಚಾಯಿತಿಯಲ್ಲೇ ಇದ್ದರೂ ನನಗೆ ಇಷ್ಟು ದಿನ ಗೊತ್ತಾಗಿರಲಿಲ್ಲ!

ನನ್ನ ಸರದಿ ಬಂತು. ನನಗೆ ಒಳಗೊಳಗೇ ಮರುಕ. ಪಾಪ, ಇವರ ಮನೆಗೆಲ್ಲ ಯಾರೂ ಏನೂ ಕೊಟ್ಟಿಲ್ಲವಲ್ಲ! ನನ್ನ ಮೊಮ್ಮಗಳ ಮೇಲೆ ಜನಕ್ಕೆ ಎಷ್ಟು ಪ್ರೀತಿ ಎಂದು ತೋರಿಸಿಬಿಡೋಣ ಎಂದು ಗಂಟಲು ಸರಿಮಾಡಿಕೊಂಡೆ. ಮೈಕು ಕೈಗೆ ಬಂದ ಮೇಲೆ ಅದು ಗ್ರಾಮಸಭೆ ಎನ್ನುವುದೇ ಮರೆತುಹೋಯಿತು. ನಾಲಿಗೆ ತನ್ನ ಹಳೆಯ ದಾರಿ ಹಿಡಿಯಿತು.

“ಮಾನ್ಯ ಕಂಟ್ರಾಕ್ಟರ್ ಜವರಪ್ಪನವರು, ನಮ್ಮ ಅಧ್ಯಕ್ಷರ ಮನೆಗೆ, ಪ್ರೀತಿಪೂರ್ವಕವಾಗಿ, ಟಗರು... ಮೂರೂ!”

ಸಿಂಚನ ನನ್ನ ಕಡೆ ತಿರುಗಿದಳು. ಅವಳ ಮುಖ ಬೆಳ್ಳಗಾಗಿತ್ತು. “ತಾತ... ಜವರಪ್ಪಂದಾ?” ಎಂದಳು ಮೆಲ್ಲಗೆ. ಕೇಳಿಸಲಿಲ್ಲವೇನೋ ಎಂದು ನಾನು ಇನ್ನೂ ಜೋರಾಗಿ ಕೂಗಿದೆ: “ಮೂರೂ!”

ಆಗ ಎದ್ದರು ನೋಡಿ, ಬೋರ್‌ವೆಲ್ಲಿನ ಮೆಂಬರು!

“ಏನ್ಲಾ ಜವ್ರಾ! ನಮ್ಮನೆಗೆ ಎರಡು ಕಳ್ಸಿ, ಅವ್ರ ಮನೆಗೆ ಮೂರಾ? ನಾವೇನ್ಲಾ ಕಮ್ಮಿ ನಿಂಗೆ?”

ಅವರ ಹಿಂದೆಯೇ ಇನ್ನೊಬ್ಬರು: “ನಂಗೂ ಎರಡೇಯಾ! ಅದ್ರಲ್ಲೂ ಒಂದು ಕುಂಟುತಿತ್ತು!” ಅವರ ಹಿಂದೆ ಮತ್ತೊಬ್ಬರು. ಹತ್ತು ಸಂನ್ಯಾಸಿಗಳೂ ಎದ್ದು ನಿಂತು ತಮ್ಮ ತಮ್ಮ ಎರಡೆರಡು ಟಗರಿಗೆ ನ್ಯಾಯ ಕೇಳಿದರು. ಪಂಚಾಯಿತಿಯ ಪಿಡಿಒ ಸಾಹೇಬರು ಪೆನ್ನು ತೆಗೆದು ಬರೆಯಲು ಶುರು ಮಾಡಿದರು.

ಜವರಪ್ಪ ಕುರ್ಚಿಯ ಮೇಲೆ ಹತ್ತಿ ನಿಂತ. ಬೆವರು ಇಳಿಯುತ್ತಿತ್ತು. “ಅಯ್ಯೋ ಇಲ್ಲ ಕಣ್ರಣ್ಣ! ನನ್ ಮಕ್ಕಳಾಣೆಗೂ ಎಲ್ಲಾರ್ ಮನೆಗೂ ಎರಡೆರಡೇ ಕೊಟ್ಟಿರೋದು! ಯಾರಿಗೂ ಭೇದ ಮಾಡಿಲ್ಲ!” ಎಂದ.

ಎಂದವನಿಗೆ, ಎಂದ ಮೇಲೆ, ತಾನು ಏನೆಂದೆ ಎಂದು ಹೊಳೆಯಿತು. ಮೆಲ್ಲಗೆ ಇಳಿದು ಕೂತ. ಬಿಳಿ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ನಾನು ಗೆದ್ದವನ ಹಾಗೆ ಮೊಮ್ಮಗಳ ಕಡೆ ನೋಡಿದೆ. ಅವಳು ಗೆದ್ದವಳ ಹಾಗಿರಲಿಲ್ಲ. ಕುರ್ಚಿಯಿಂದ ಎದ್ದು ನಿಂತಿದ್ದಳು.

“ಪಟ್ಟಿಲಿ ಮೊದ್ಲು ಬಂದಿದ್ದು ನಮ್ಮನೇದೇ. ಬೇರೆಯೋರ್ಗೆ ಹೇಳಿದ್ ಮಾತು ನಮ್ಮನೇಲೇ ನಡೀಲಿಲ್ಲ. ನಾನು ಈ ಕುರ್ಚಿ ಬಿಡ್ತೀನಿ” ಎಂದಳು.

ಮೈಕು ನನ್ನ ಕೈಯಲ್ಲೇ ಇತ್ತು. ನಲವತ್ತು ವರ್ಷದಲ್ಲಿ ಮೊದಲ ಸಲ ಅದನ್ನು ಬಾಯಿಂದ ದೂರ ಹಿಡಿದೆ.

ಹೆಂಗಸರ ಸಾಲಿನಿಂದ ಕೋಲಿನ ಸದ್ದು ಕೇಳಿಸಿತು. ಚಿಕ್ಕತಾಯಮ್ಮ.

“ಕುಂತ್ಕೊಳವ್ವ ನೀನು! ಟಗ್ರು ಈಸ್ಕಂಡಿದ್ದು ನೀನಲ್ಲ, ಇಗೋ ಈ ಗಡವ. ನೀನು ಎದ್ದೋದ್ರೆ ಆ ಕುರ್ಚಿ ಮ್ಯಾಲೆ ಯಾರ್ ಕುಂತ್ಕತಾರೆ? ಜವರಪ್ಪನ ಟಗ್ರು! ಬರ್ದಿರೋ ನಿರ್ಣಯ ಬರ್ದಂಗೇ ಇರ್ಲಿ. ಜವರಪ್ಪಂಗೆ ಗುತ್ತಿಗೆ ಬ್ಯಾಡ. ಈಸ್ಕಂಡೋರು ಈಸ್ಕಂಡಿದ್ದ ವಾಪಸ್ ಕೊಟ್ಟು, ರಸೀತಿ ತರ್ಲಿ. ಮೊದ್ಲು ನಮ್ಮನೇದು!”

ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಸಿಂಚನ ಅಜ್ಜಿಯ ಕಾಲನ್ನು ನೋಡಿದಳು, ಕೋಲನ್ನು ನೋಡಿದಳು, ಕೂತಳು. ನಾನೂ ಚಪ್ಪಾಳೆ ತಟ್ಟಲು ಹೋದೆ. ಮೈಕು ಕಾಲ ಮೇಲೆ ಬಿತ್ತು.

ಮಾರನೇ ದಿನ ಸಂತೆಬಾಚಹಳ್ಳಿ ಸಂತೆಯಲ್ಲಿ ಎರಡು ಟಗರು ಕೊಂಡೆ. ಬೀದಿಯುದ್ದಕ್ಕೂ ಜನ ಬಾಗಿಲಿಗೆ ಬಂದು ನೋಡುತ್ತಿದ್ದರು. ದಿಬ್ಬಣದಲ್ಲಿ ಮದುವೆ ಗಂಡಿಗೂ ಅಷ್ಟು ಮರ್ಯಾದೆ ಸಿಗುವುದಿಲ್ಲ. ಜವರಪ್ಪನ ಮನೆ ಮುಂದೆ ನಿಂತು ರಸೀತಿ ಪುಸ್ತಕ ಚಾಚಿದೆ.

ಅವನು ಟಗರು ಎಣಿಸಿದ. ಮತ್ತೊಮ್ಮೆ ಎಣಿಸಿದ. “ಇನ್ನೊಂದೆಲ್ಲಿ?” ಎಂದ.

“ಯಾವ್ದು ಇನ್ನೊಂದು?”

“ಊರ್ ಮುಂದೆ ಮೈಕಲ್ಲಿ ಮೂರು ಅಂತ ಕೂಗಿಲ್ವಾ ನೀನು? ಅದೂ ಎರಡ್ ಸಲ! ಬಂದಿದ್ದಷ್ಟು ತಿರುಗಿಸ್ಬೇಕು ಅಂತ ನಲವತ್ ವರ್ಷ ನಮಗೆಲ್ಲ ಯೋಳ್ಕೊಟ್ಟೋನು ನೀನೇಯಾ. ಮೂರು ಕೊಡು, ಸೈನ್ ಮಾಡ್ತೀನಿ.”

“ಲೇ ಜವ್ರಾ, ಎರಡೇ ಅಂತ ನೀನೇ ಮಕ್ಕಳಾಣೆ ಇಟ್ಟಲ್ಲೋ!”

“ನನ್ ಮಾತ್ ಯಾರ್ ನಂಬ್ತಾರೆ ಯಜಮಾನ್ರೇ” ಎಂದ ಜವರಪ್ಪ, ಬಹಳ ವಿನಯದಿಂದ.

ಪಿಡಿಒ ಹತ್ತಿರ ಓಡಿದೆ. ನಾನು ಬರೆದುಕೊಟ್ಟ ಪಟ್ಟಿಯಲ್ಲಿ ಎರಡೇ ಇದೆ ಎಂದರೆ, ಸಭೆಯಲ್ಲಿ ಓದಿದ್ದೇ ಲೆಕ್ಕ ಎಂದರು. ನಡಾವಳಿ ಪುಸ್ತಕದಲ್ಲಿ ‘ಅಧ್ಯಕ್ಷರ ಮನೆಗೆ ಮೂರು’ ಎಂದೇ ದಾಖಲಾಗಿತ್ತು. ಕೆಳಗೆ ನನ್ನ ಸಹಿ, ಚೆಂದದ ಅಕ್ಷರದಲ್ಲಿ! ಉಳಿದ ಮೆಂಬರುಗಳು ಎರಡೆರಡು ಟಗರು ಕೊಟ್ಟು ರಸೀತಿ ತಂದರು. ನಾನು ಚಿಕ್ಕತಾಯಮ್ಮ ಮರಿಯಿಂದ ಸಾಕಿದ್ದ ಟಗರನ್ನು ಬಿಚ್ಚಿಕೊಂಡು ಹೋಗಿ ರಸೀತಿ ತಂದೆ. ಇಲ್ಲದ ಟಗರಿಗೆ ಇದ್ದ ಟಗರು ಕೊಟ್ಟವನು ಈ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ಆ ರಾತ್ರಿ ನನ್ನ ತಟ್ಟೆಯಲ್ಲಿ ಮುದ್ದೆ ಇತ್ತು, ಸಾರು ಇರಲಿಲ್ಲ.

ಚರಂಡಿಯ ಗುತ್ತಿಗೆ ಗಾರೆ ನಿಂಗಪ್ಪನಿಗೆ ಹೋಯಿತು. ಅವನು ಯಾರ ಮನೆಯ ಕಾರ್ಯಕ್ಕೂ ಒಂದು ಕಾಯಿ ತಂದವನಲ್ಲ. ಬರಿಗೈಯಲ್ಲಿ ಬಂದು, ಎರಡು ಪಂಕ್ತಿ ಉಂಡು ಹೋಗುವವನು. ನನ್ನ ಪುಸ್ತಕದಲ್ಲಿ ಅವನ ಹೆಸರೇ ಇಲ್ಲ ಎಂದು ಎಷ್ಟು ಆಡಿಕೊಂಡಿದ್ದೆ! ಈ ಮಳೆಗಾಲದಲ್ಲಿ ನೀರು ಶಾಲೆಯಿಂದ ಕೋಡಿಗೆ ಸದ್ದಿಲ್ಲದೆ ಹರಿಯಿತು. ಅದರ ಚಪ್ಪಡಿಯ ಮೇಲೆ ಚಿಕ್ಕತಾಯಮ್ಮ ಕೋಲೂರಿಕೊಂಡು ನಡೆದು ನೋಡಿದಳು. ಕೋಲಿನಿಂದ ಎರಡು ಸಲ ಕುಟ್ಟಿದಳು. “ಗಟ್ಟಿಗೈತೆ” ಎಂದಳು. ಸಿಂಚನ ನಕ್ಕಳು. ಅಂದಿನಿಂದ ನನಗೂ ಸಾರು ಸಿಗುತ್ತಿದೆ.

ಮುಯ್ಯಿ ಬರೆಯಲು ಮಾತ್ರ ಈಗ ಯಾರೂ ಕರೆಯುವುದಿಲ್ಲ. ಮದುವೆ ಮನೆಗಳಲ್ಲಿ ನನ್ನ ಕೈಗೆ ನೀರಿನ ಜಗ್ಗು ಕೊಡುತ್ತಾರೆ. ಬಡಿಸುತ್ತೇನೆ. ಬಡಿಸುತ್ತಾ ಬಡಿಸುತ್ತಾ, ನನ್ನ ಮೊಮ್ಮಗಳು ಅಧ್ಯಕ್ಷೆ ಎಂದು ಪ್ರತಿ ಎಲೆಗೂ ಹೇಳುತ್ತೇನೆ.

ಊರಿನವರಿಗೆಲ್ಲ ತಲಾ ನಾಲ್ಕು ಸಲ ಹೇಳಿದ್ದೇನೆ ಎಂದು ಮೊದಲಲ್ಲಿ ಬರೆದೆನಲ್ಲ, ಅದನ್ನು ದಯವಿಟ್ಟು ತಿದ್ದಿಕೊಳ್ಳಿ.

ಮೂರೇ ಸಲ!