ಓರ್ಮುರ್ ಕಾಗೆಗಂಡಿ ದಾಟಿದ್ದು

ಬಿಸಿನೀರಿನ ಕೊಳದಲ್ಲಿ ಬಾಯಿ ಬಿಟ್ಟದ್ದೇ ಓರ್ಮುರ್ ಮಾಡಿದ ತಪ್ಪು. ಐಸ್‌ಲ್ಯಾಂಡಿನ ಪೂರ್ವ ತೀರದ ಕಾಲ್ದವಿಕ್ ಊರಿನಲ್ಲಿ ಗುಟ್ಟೊಂದನ್ನು ಬೇಕಾದರೆ ಚರ್ಚಿನಲ್ಲಿ ನಿಂತು ಕೂಗಿ ಹೇಳಬಹುದು, ಅಲ್ಲಿ ಕೇಳುವವರು ಕಡಿಮೆ. ಕೊಳದಲ್ಲಿ ಮಾತ್ರ ಹೇಳಬಾರದು. ಭಾನುವಾರ ಬೆಳಿಗ್ಗೆ ಊರಿಗೆ ಊರೇ ಅಲ್ಲಿ ಕುತ್ತಿಗೆಯವರೆಗೆ ಮುಳುಗಿ, ಬೇಯಲಿಟ್ಟ ಆಲೂಗಡ್ಡೆಗಳ ಹಾಗೆ ತಲೆಗಳನ್ನಷ್ಟೇ ತೇಲಿಸಿಕೊಂಡು ಕೂತಿರುತ್ತದೆ. ಆ ಕೊಳ ನೋಡಿಕೊಳ್ಳುವವನೇ ಓರ್ಮುರ್. ಇಷ್ಟು ವರ್ಷ ಅದೇ ಹಬೆಯಲ್ಲಿ ಕೆಲಸ ಮಾಡಿಯೂ ಬುದ್ಧಿ ಬಂದಿರಲಿಲ್ಲ.

"ಮಧ್ಯಾಹ್ನ ಸೆಲ್ವಿಕ್‌ಗೆ ಹೋಗ್ತಿದ್ದೀನಿ," ಎಂದುಬಿಟ್ಟ.

ತಲೆಗಳೆಲ್ಲ ಅವನ ಕಡೆ ತಿರುಗಿದವು.

"ಕಾಗೆಗಂಡಿ ಹತ್ತಿ ಹೋಗ್ತೀಯಾ?" ಮೀನು ಕಾರ್ಖಾನೆಯ ಕೋಲ್ಬೇನ್ ಕೇಳಿದ.

"ಮತ್ತೆ? ಈಜ್ಕೊಂಡು ಹೋಗ್ಲಾ?"

"ಅಲ್ಲ, ಕೇಳ್ದೆ ಅಷ್ಟೆ. ಮಂಜು ಇದೆ ಅಂತಿದ್ರು. ಗಾಳೀನೂ ಇದೆಯಂತೆ. ಹೇಗೂ ಹೋಗ್ತಿದ್ದೀಯಲ್ಲ, ನಮ್ಮ ಭಾವನಿಗೆ ಒಂದು ಬಕೆಟ್ಟು ಹುಳಿಸಿದ ಶಾರ್ಕ್ ಮೀನು ಕೊಡ್ತೀನಿ, ಮುಟ್ಟಿಸಿಬಿಡು."

ಓರ್ಮುರ್ ಆಗಲಿ ಎಂದು ತಲೆಯಾಡಿಸಿದ. ಅವನಿಗಿದ್ದದ್ದು ಶಾರ್ಕಿನ ಭಯವಲ್ಲ. ಐವತ್ತು ದಾಟಿದ ಈ ಮನುಷ್ಯ ಕಾಗೆಗಂಡಿಯ ಬುಡದಲ್ಲೇ ಹುಟ್ಟಿ ಬೆಳೆದಿದ್ದರೂ ಆ ಘಾಟಿಯನ್ನು ಒಮ್ಮೆಯೂ ಹತ್ತಿದವನಲ್ಲ. ಜಲ್ಲಿಕಲ್ಲಿನ ರಸ್ತೆ, ಒಂದು ಕಡೆ ಗೋಡೆಯಂಥ ಬೆಟ್ಟ, ಇನ್ನೊಂದು ಕಡೆ ಏನೂ ಇಲ್ಲ. ಆ 'ಏನೂ ಇಲ್ಲ'ವನ್ನು ನೆನೆದರೇ ಅವನು ಕಾರಿನ ಕೀಲಿಯನ್ನು ಮರಳಿ ಮೊಳೆಗೆ ನೇತುಹಾಕುತ್ತಿದ್ದ. ಬೆನ್ನುನೋವು, ಹಿಮ, ಕೆಟ್ಟ ಟೈರು ಎಂದು ಏನೇನೋ ನೆಪ ಹೇಳಿ ಇಷ್ಟು ಕಾಲ ತಳ್ಳಿದ್ದ. ಊರಿನವರಿಗೆ ಅದು ಗೊತ್ತಿಲ್ಲ ಎಂದೇ ಅವನ ನಂಬಿಕೆ.

ಈಗ ನೆಪಗಳೆಲ್ಲ ಮುಗಿದಿದ್ದವು. ಕಾರಣ ಬೆಟ್ಟದಾಚೆಯ ಸೆಲ್ವಿಕ್‌ನ ಸಲ್ವೋರ್. ಚಳಿಗಾಲದ ಊಟಕೂಟಕ್ಕೆ ಬಸ್ಸಿನಲ್ಲಿ ಬಂದಿದ್ದ ಶಾಲಾ ಶಿಕ್ಷಕಿ. ಅವನ ಪಕ್ಕ ಕೂತು, ಅವನು ಹೇಳಿದ ಪೆದ್ದು ಜೋಕಿಗೂ ನಕ್ಕವಳು. ಆಮೇಲೆ ದಿನಾ ಫೋನು. ಹುರುಪಿನಲ್ಲಿ ಅವನು, "ಆ ಘಾಟಿ ನನಗೆ ಅಂಗೈ ರೇಖೆ ಇದ್ದ ಹಾಗೆ" ಎಂದೂ ಕೊಚ್ಚಿಕೊಂಡಿದ್ದ. ಹೋದ ವಾರ ಅವಳು ಮೆತ್ತಗೆ ಹೇಳಿದ್ದಳು: "ಓರ್ಮುರ್, ಈ ಭಾನುವಾರ ಕಾಫಿಗೆ ಬಾ. ಮದುವೆ ವಿಷಯ ಕೂತು ಮಾತಾಡೋಣ. ಬರಲಿಲ್ಲ ಅಂದ್ರೆ ನಿನಗೆ ಮನಸ್ಸಿಲ್ಲ ಅಂತ ತಿಳ್ಕೋತೀನಿ. ಬೇಜಾರಿಲ್ಲ."

ಆ 'ಬೇಜಾರಿಲ್ಲ' ಎಂಬ ಮಾತು ಅವನ ನಿದ್ದೆ ಕೆಡಿಸಿತ್ತು. ಯೋಚಿಸಿ ಯೋಚಿಸಿ ಒಂದು ಉಪಾಯ ಮಾಡಿದ. ಒಂದೇ ಒಂದು ಸಲ ಜೀವ ಬಿಗಿಹಿಡಿದು ದಾಟುವುದು. ಮದುವೆಯಾಗಿ ಅಲ್ಲೇ, ಅವಳ ಮನೆಯಲ್ಲೇ ಉಳಿದುಬಿಡುವುದು. ಸೆಲ್ವಿಕ್‌ನಲ್ಲೂ ಬಿಸಿನೀರಿನ ಕೊಳವಿದೆ. ಹಾಗಾಗಿ ಕಾರಿನ ಹಿಂದೆ ಬಟ್ಟೆ, ಕಂಬಳಿ, ಅಪ್ಪನ ಗಡಿಯಾರ ಎಲ್ಲ ತುಂಬಿದ್ದ. ಸಲ್ವೋರ್‌ಗೆ ಹೇಳಿರಲಿಲ್ಲ. ಬೆರಗಾಗಲಿ ಎಂದು.

ಮಧ್ಯಾಹ್ನ ಮನೆ ಮುಂದೆ ನೋಡಿದರೆ ಸಂತೆ. 'ಹೇಗೂ ಹೋಗ್ತಿದ್ದೀಯಲ್ಲ' ಎನ್ನುತ್ತ ಒಬ್ಬಳು ತೊಟ್ಟಿಲು ತಂದಿದ್ದಳು, ಇನ್ನೊಬ್ಬ ದೋಣಿಯ ಮೋಟಾರು. ಕೋಲ್ಬೇನನ ಬಕೆಟ್ಟು ಮುಚ್ಚಳ ಹಾಕಿದ್ದರೂ ಬೀದಿಯ ನಾಯಿ ಎರಡು ಹೆಜ್ಜೆ ಹಿಂದೆ ಸರಿದಿತ್ತು. ಎಲ್ಲಕ್ಕಿಂತ ಮುಂಚೆ ಬಂದು ಮುಂದಿನ ಸೀಟಿನಲ್ಲಿ ಹೆಣಿಗೆ ಹಿಡಿದು ಕೂತಿದ್ದವಳು ಓಲೋಫಜ್ಜಿ. ಊರಿನಲ್ಲಿ ಅವಳಿಗಿಂತ ಹಳೆಯದೆಂದರೆ ಬೆಟ್ಟ ಒಂದೇ.

"ತಂಗಿ ಮನೆಗೆ ಹೋಗ್ಬೇಕು ಕಣೋ. ನಡಿ ನಡಿ, ಕಾಫಿ ಹೊತ್ತಿಗೆ ಮುಟ್ಟಿಸು."

ಮೊದಲ ತಿರುವಿನ ಹೊತ್ತಿಗೇ ಕೆಳಗಿನ ಮನೆಗಳು ಬೆಂಕಿಪೊಟ್ಟಣಗಳಾಗಿದ್ದವು. ಓರ್ಮುರ್ ಸ್ಟೇರಿಂಗನ್ನು ಮುಳುಗುವವನು ಹಲಗೆ ಹಿಡಿದ ಹಾಗೆ ಹಿಡಿದಿದ್ದ. ಆ ದೇಶದಲ್ಲಿ ಗಾಡಿ ಓಡಿಸುವುದು ರಸ್ತೆಯ ಬಲಗಡೆ, ಪುಣ್ಯಕ್ಕೆ ಬೆಟ್ಟವೂ ಬಲಗಡೆಗಿತ್ತು. ಕಾರು ಬಂಡೆಯನ್ನು ಉಜ್ಜಿಕೊಂಡೇ ಏರುತ್ತಿತ್ತು.

"ಇದು ಪಾದ್ರಿ ತಿರುವು," ಅಜ್ಜಿ ಸೂಜಿ ಆಡಿಸುತ್ತ ಹೇಳಿದಳು. "ನಮ್ಮಜ್ಜನ ಕಾಲದಲ್ಲಿ ಪಾದ್ರಿಯೊಬ್ಬರು ಇಲ್ಲೇ ಹೋದ್ರು. ಕುದುರೆ ಸಿಕ್ತು."

"ಪಾದ್ರಿ?"

"ಟೋಪಿ ಸಿಕ್ತು."

ಓರ್ಮುರ್ ಗೇರು ಇಳಿಸಿದ.

"ಇಲ್ಲಿ ಅಂಚೆಯವನು. ಒಳ್ಳೆ ಮನುಷ್ಯ, ಪಾಪ. ಚೀಲ ಬಿಡಲಿಲ್ಲವಂತೆ. ಮುಂದಿನ ತಿರುವಲ್ಲಿ ಅಣ್ಣ ತಮ್ಮ ಇಬ್ರೂ. ನೋಡು, ಹೆಸರೇ ಅಣ್ಣತಮ್ಮಂದಿರ ತಿರುವು."

"ಅಜ್ಜಿ, ಏನಾದ್ರೂ ಸಂತೋಷದ ವಿಷಯ ಮಾತಾಡೋಣ."

"ಆಯ್ತಪ್ಪ. ಇದರ ಮೇಲಿನ ತಿರುವಲ್ಲಿ ಹಾಲಿನ ಲಾರಿ ಬಿತ್ತು. ಡ್ರೈವರು ಬದುಕಿದ. ಒಂದು ಕಾಲು ಹೋಯ್ತು ಅಷ್ಟೆ."

ಅಷ್ಟರಲ್ಲಿ ಮಂಜು ಇಳಿಯಿತು. ಮುಂದೆ ರಸ್ತೆಯಿದೆ ಎಂಬುದಕ್ಕೆ ಬದಿಯ ಹಳದಿ ಗೂಟಗಳಷ್ಟೇ ಸಾಕ್ಷಿ. ಒಂದು ಗೂಟ ಕಂಡ ಮೇಲೆ ಇನ್ನೊಂದು ಕಾಣುವವರೆಗೆ ಓರ್ಮುರ್ ಉಸಿರು ಬಿಡುತ್ತಿರಲಿಲ್ಲ. ಶಾರ್ಕಿನ ವಾಸನೆ ತಡೆಯಲಾರದೆ ಕಿಟಕಿ ಇಳಿಸಿದರೆ ಗಾಳಿ ಒಳನುಗ್ಗಿ ಅಜ್ಜಿಯ ಉಣ್ಣೆಯ ಎಳೆಯನ್ನು ಅವನ ಕುತ್ತಿಗೆಗೆ ಸುತ್ತಿತು. ಬಿಡಿಸಿಕೊಳ್ಳಲು ಕೈ ಬಿಡಬೇಕು. ಕೈ ಬಿಡುವುದಾದರೂ ಹೇಗೆ? ನೇಣಿನ ಹಗ್ಗ ತೊಟ್ಟವನಂತೆ ಹಾಗೇ ಓಡಿಸಿದ.

ಗಂಡಿಯ ನೆತ್ತಿಯ ಮೇಲೆ ದೊಡ್ಡ ಕಲ್ಲುರಾಶಿ. ಆ ದಾರಿಯಲ್ಲಿ ಮೊದಲ ಸಲ ಹೋಗುವವರು ಅದರ ಮೇಲೊಂದು ಕಲ್ಲು ಇಟ್ಟೇ ಮುಂದೆ ಹೋಗಬೇಕು. ಕ್ಷೇಮವಾಗಿ ತಲುಪಲೆಂದು ಎಲ್ಲರೂ ಇಡುತ್ತಾರೆ. ನಂಬುವುದಿಲ್ಲ ಎನ್ನುವವರು ಸ್ವಲ್ಪ ದೊಡ್ಡ ಕಲ್ಲನ್ನೇ ಇಡುತ್ತಾರೆ.

"ನೀನು ಇಟ್ಟಿದ್ದೀಯಲ್ಲ?" ಅಜ್ಜಿ ಕೇಳಿದಳು.

"ಅಯ್ಯೋ, ಯಾವ ಕಾಲಕ್ಕೋ."

ಹೇಳಿ ಸ್ವಲ್ಪ ದೂರ ಹೋದ. ಪಾದ್ರಿಯ ಟೋಪಿ ನೆನಪಾಯಿತು. ಕಾರು ನಿಲ್ಲಿಸಿದ. "ಒಂದು ನಿಮಿಷ ಅಜ್ಜಿ, ಮೂತ್ರಕ್ಕೆ ಹೋಗ್ಬರ್ತೀನಿ."

ಗಾಳಿ ಬಾಗಿಲು ಕಿತ್ತುಕೊಂಡು ಹೋಗದ ಹಾಗೆ ಎರಡೂ ಕೈಯಲ್ಲಿ ಹಿಡಿದು ಇಳಿದು, ಬಗ್ಗಿ, ಕೊನೆಗೆ ಕೈಕಾಲೂರಿ ಕಲ್ಲುರಾಶಿಯತ್ತ ತೆವಳಿದ. ಒಂದು ಕಲ್ಲು ಇಟ್ಟ. ಸಾಲದೆನಿಸಿ ಇನ್ನೊಂದು ಇಟ್ಟ. ಮೂರನೆಯದಕ್ಕೆ ಕೈ ಹಾಕುವಾಗ ಯಾರೋ ಬೆನ್ನು ತಟ್ಟಿದರು. ಓರ್ಮುರ್ ಅಂಚೆಯವನೇ ಬಂದನೆಂದುಕೊಂಡ.

ಕೆಂಪು ಜಾಕೀಟಿನ ಪ್ರವಾಸಿ ಗಂಡಹೆಂಡಿರು. ಮಂಜು ಅದೇ ಗಳಿಗೆಯಲ್ಲಿ ಪರದೆ ಸರಿದಂತೆ ಸರಿದು ಎದುರಿನ ಜಲಪಾತವೂ, ಕೆಳಗೆ ಸಮುದ್ರವೂ, ನಡುವಿನ ಆ 'ಏನೂ ಇಲ್ಲ'ವೂ ಒಟ್ಟಿಗೆ ತೆರೆದುಕೊಂಡವು.

"ಎಷ್ಟು ಚೆನ್ನಾಗಿದೆ ಅಲ್ವಾ?" ಎಂದಳು ಆಕೆ, ಅವನ ಕೈಗೆ ಫೋನು ತುರುಕುತ್ತ. "ನಮ್ಮಿಬ್ಬರದೂ ಒಂದು ಫೋಟೋ ತೆಗೀತೀರಾ? ಜಲಪಾತ ಪೂರ್ತಿ ಬರ್ಬೇಕು. ಸ್ವಲ್ಪ ಹಿಂದೆ ಹೋಗಿ. ಇನ್ನೂ ಸ್ವಲ್ಪ."

ಓರ್ಮುರ್ ಕಣ್ಣು ಮುಚ್ಚಿ ಹಿಂದೆ ಸರಿದ. ಹಿಮ್ಮಡಿಯ ಕೆಳಗಿನ ಜಲ್ಲಿ ಜಾರಿ ಉರುಳಿತು. ಅದು ಬಿದ್ದ ಸದ್ದು ಕೇಳಲೇ ಇಲ್ಲ.

"ಲೋ, ಮೂತ್ರ ಹೊಯ್ಯೋಕೆ ಅಷ್ಟು ಜನ ಬೇಕೇನೋ?" ಅಜ್ಜಿ ಕಾರಿನಿಂದ ಕೂಗಿದಳು.

ಅವನು ತೆಗೆದ ಚಿತ್ರದಲ್ಲಿ ಇದ್ದದ್ದು ಅವನದೇ ಹೆಬ್ಬೆರಳು.

ಇಳಿಜಾರು ಏರಿಗಿಂತ ಕೆಟ್ಟದ್ದಾಗಿತ್ತು. ಏರುವಾಗ ಆಕಾಶವನ್ನಾದರೂ ನೋಡಬಹುದು. ಇಳಿಯುವಾಗ ಬೀಳುವ ಜಾಗವನ್ನೇ ನೋಡಬೇಕು. ಓರ್ಮುರ್ ಬ್ರೇಕಿನ ಮೇಲೆ ಇಟ್ಟ ಕಾಲನ್ನು ಎತ್ತಲೇ ಇಲ್ಲ.

"ಏನೋ ಸುಟ್ಟ ವಾಸನೆ ಬರ್ತಿದೆ ಕಣೋ."

"ಶಾರ್ಕು ಅಜ್ಜಿ."

"ನಾನು ತಿಂದು ಬೆಳೆದ ಶಾರ್ಕು ಹೀಗೆ ನಾರಲ್ಲ."

ಮಾತು ಮುಗಿಯುವ ಮುನ್ನ ಬ್ರೇಕಿನ ಪೆಡಲು ಒದ್ದೆ ಸ್ಪಂಜಿನಂತೆ ನೆಲದವರೆಗೂ ಇಳಿದುಹೋಯಿತು. ಕಾರು ಮಾತ್ರ ಇಳಿಯುವುದನ್ನು ನಿಲ್ಲಿಸಲಿಲ್ಲ. ಅಜ್ಜಿ ಹೆಣಿಗೆಯನ್ನು ಚೀಲಕ್ಕೆ ತುರುಕಿ ಜಿಪ್ಪು ಎಳೆದಳು. ಓರ್ಮುರನ ಎದೆಯೊಳಗಿಂದ ಇಷ್ಟು ವರ್ಷ ಕೂಡಿಟ್ಟ ಭಯವೆಲ್ಲ ಒಂದೇ ಉಸಿರಿನಲ್ಲಿ, ಹಡಗಿನ ಕಹಳೆಯ ಹಾಗೆ ಹೊರಬಿತ್ತು. ಕೊನೆಯ ತಿರುವಿನಲ್ಲಿ ಕಾರು ರಸ್ತೆ ಬಿಟ್ಟು, ಹುಲ್ಲುಗಾವಲು ಹೊಕ್ಕು, ಬಿಳಿ ಪ್ಲಾಸ್ಟಿಕ್ ಸುತ್ತಿದ ಹುಲ್ಲಿನ ದೊಡ್ಡ ಉಂಡೆಯೊಂದಕ್ಕೆ ಮುಖ ಒತ್ತಿ ನಿಂತಿತು. ಕಹಳೆ ಇನ್ನೂ ನಿಂತಿರಲಿಲ್ಲ.

ಟ್ರ್ಯಾಕ್ಟರಿನಿಂದ ಇಳಿದು ಬಂದವನು ಹುಲ್ಲುಗಾವಲಿನ ಒಡೆಯ ಎಗ್ಗರ್ಟ್. ಹುಲ್ಲಿನ ಉಂಡೆಯನ್ನು ನೋಡಲಿಲ್ಲ, ಕಾರನ್ನೂ ನೋಡಲಿಲ್ಲ. ತಲೆ ಓರೆ ಮಾಡಿ ಓರ್ಮುರನ ಕೂಗನ್ನೇ ಆಲಿಸುತ್ತ ನಿಂತ.

"ಬ್ರೇಕು ಕಾದಿದೆ ಅಷ್ಟೆ, ಆರಿದ ಮೇಲೆ ಸರಿಹೋಗುತ್ತೆ," ಎಂದ ಕೊನೆಗೆ. "ಎಲ್ಲಿಗೆ ಹೊರಟಿದ್ದು?"

"ಸಲ್ವೋರ್ ಮನೆಗೆ."

"ಓ, ನೀವೇನಾ. ಬನ್ನಿ, ಎಳ್ಕೊಂಡು ಹೋಗ್ತೀನಿ."

ತಂಗಿಯ ಮನೆ ಮುಂದೆ ಇಳಿಯುವಾಗ ಓಲೋಫಜ್ಜಿ ಓರ್ಮುರನ ಕುತ್ತಿಗೆಯಿಂದ ಉಣ್ಣೆ ಬಿಡಿಸಿಕೊಂಡಳು. "ಮೊದಲನೇ ಸಲಕ್ಕೆ ಪರವಾಗಿಲ್ಲ," ಎಂದಳು. ಅವನು ಬಾಯಿ ಬಿಟ್ಟದ್ದು ನೋಡಿ, "ಊರಿಗೆಲ್ಲ ಗೊತ್ತು ಕಣೋ. ನಿದ್ದೆ, ಮೂರ್ಛೆ ಏನಾದ್ರೂ ಬಂದೀತು ಅಂತ ನಾನೇ ಜೊತೆಗೆ ಬಂದೆ. ಆ ಸತ್ತವರ ಕಥೆ ಹೇಳಿದ್ದೂ ಅದಕ್ಕೇ, ಹೆದರಿದವನು ಎಚ್ಚರವಾಗಿರ್ತಾನೆ," ಎಂದು ಗೇಟು ತೆರೆದು ಹೋದಳು.

ಆದರೂ ಓರ್ಮುರನ ಎದೆ ಹಗುರವಾಗಿತ್ತು. ದಾಟಿಯಾಯಿತು. ಇನ್ನು ಸಾಯುವವರೆಗೂ ಆ ಬೆಟ್ಟದ ಬೆನ್ನು ನೋಡಿಕೊಂಡು ಇರಬಹುದು. ಟ್ರ್ಯಾಕ್ಟರಿನ ಹಿಂದೆ ತೂಗಾಡುತ್ತ ಸಲ್ವೋರ್ ಮನೆ ಮುಂದೆ ಬಂದಾಗ ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ಸುತ್ತ ಪೆಟ್ಟಿಗೆಗಳು. ಮನೆಯೊಳಗೆ ಯಾರದೋ ಮಕ್ಕಳು ಓಡಾಡುತ್ತಿದ್ದವು.

"ಬಂದೇ ಬಿಟ್ಟೆ," ಎಂದಳು, ಕಣ್ಣು ತುಂಬಿತ್ತು. "ನೀನು ಬರಲ್ಲ ಅಂತ ನನ್ನ ತಂಗಿ ಪಣ ಕಟ್ಟಿದ್ಲು."

"ಸಲ್ವೋರ್, ನಾನೊಂದು ವಿಷಯ ಹೇಳ್ಬೇಕು. ನಾನು ಇಲ್ಲೇ..."

"ಮೊದಲು ನಾನು ಹೇಳ್ತೀನಿ. ಮನೆ ತಂಗಿ ಮಗಳಿಗೆ ಬಿಟ್ಟುಕೊಟ್ಟೆ. ನಿನ್ನೆ ಸಂಸಾರ ಸಮೇತ ಬಂದಿಳಿದ್ರು. ನಿಮ್ಮೂರ ಶಾಲೇಲಿ ಕೆಲಸಾನೂ ಒಪ್ಕೊಂಡಿದ್ದೀನಿ, ನಾಳೆ ಬೆಳಿಗ್ಗೆಯಿಂದ. ನೀನು ಹುಟ್ಟಿದ ಊರು, ನಿನ್ನ ಕೊಳ, ಅದನ್ನೆಲ್ಲ ಬಿಟ್ಟು ಬಾ ಅನ್ನೋಕೆ ನನಗೆ ಮನಸ್ಸು ಬರಲಿಲ್ಲ. ಮದುವೆ ಆಗ್ತೀಯಾ?"

ಓರ್ಮುರ್ ಅವಳ ಮುಖ ನೋಡಿದ. ಆ ಮುಖದ ಮುಂದೆ ಬೇರೆ ಉತ್ತರ ಇರಲಿಲ್ಲ. "ಆಗ್ತೀನಿ," ಎಂದ.

"ಒಂದೇ ಒಂದು ಬೇಡಿಕೆ ನನ್ನದು. ಇಲ್ಲಿನ ಚರ್ಚಿನ ಹಾಡಿನ ತಂಡ. ಚಿಕ್ಕಂದಿನಿಂದ ಹಾಡ್ತಿದ್ದೀನಿ, ಅದನ್ನ ಬಿಡಲಾರೆ. ಪ್ರತಿ ಗುರುವಾರ ಅಭ್ಯಾಸ. ಕಾರಿನಲ್ಲಿ ಆ ಗಂಡಿ ಹತ್ತೋದು ಅಂದ್ರೆ ನನಗೆ ಜೀವ ಹೋಗುತ್ತೆ, ಬಸ್ಸಲ್ಲೂ ಕಣ್ಣು ಮುಚ್ಚೇ ಕೂತ್ಕೊಳ್ಳೋದು. ಆದ್ರೆ ನೀನಿದ್ದೀಯಲ್ಲ."

"ಪ್ರತಿ ಗುರುವಾರ," ಎಂದ ಓರ್ಮುರ್. "ಚಳಿಗಾಲದಲ್ಲೂ?"

"ಚಳಿಗಾಲದಲ್ಲಿ ವಾರಕ್ಕೆ ಎರಡು ದಿನ," ಎಂದು ಉತ್ತರಿಸಿದವನು ಎಗ್ಗರ್ಟ್. ಟ್ರ್ಯಾಕ್ಟರಿನ ಹಗ್ಗ ಬಿಚ್ಚುತ್ತ ನಿಂತಿದ್ದ. "ಕ್ರಿಸ್‌ಮಸ್ಸಿಗೆ ತಯಾರಿ ಇರುತ್ತಲ್ಲ. ತಂಡದ ಮುಖ್ಯಸ್ಥ ನಾನೇ. ನಮ್ಮಲ್ಲಿ ತಗ್ಗಿನ ಕಂಠದವರು ಒಬ್ಬರೂ ಇಲ್ಲ ಸ್ವಾಮಿ. ಬೆಟ್ಟದಿಂದ ಇಳೀತಾ ನೀವು ಹಿಡಿದ ಆ ಸ್ವರ, ಅದನ್ನ ಈ ಕಣಿವೇಲಿ ನಾನು ಕೇಳಿರಲಿಲ್ಲ. ನೀವು ಬರೀ ಕರ್ಕೊಂಡು ಬಂದ್ರೆ ಸಾಲದು. ಹಾಡಲೂ ಬೇಕು."

ಸಲ್ವೋರ್ ಚಪ್ಪಾಳೆ ತಟ್ಟಿದಳು. ತೊಟ್ಟಿಲು, ಮೋಟಾರು, ಬಕೆಟ್ಟು ಇಳಿದವು, ಪೆಟ್ಟಿಗೆಗಳು ಏರಿದವು. ಕತ್ತಲಾಗುವ ಮುನ್ನ ಹೊರಡಬೇಕೆಂದು ಎಲ್ಲರೂ ಅವಸರ ಮಾಡಿದರು. ಕಾಫಿ ಕುಡಿಯಲೂ ಬಿಡಲಿಲ್ಲ.

ಬರುವಾಗ ಬೆಟ್ಟ ಬಲಕ್ಕಿತ್ತು. ಹಿಂದಿರುಗುವಾಗ ಬಲಕ್ಕೆ ಇರುವುದು ಅದಲ್ಲ ಎಂಬುದು ಓರ್ಮುರ್‌ಗೆ ಹೊಳೆದದ್ದು ಇಂಜಿನ್ ಶುರುವಾದ ಮೇಲೆ. ಸಲ್ವೋರ್ ಪಕ್ಕದಲ್ಲಿ ಕೂತು ಸೀಟುಬೆಲ್ಟ್ ಬಿಗಿದು, ಅವನ ತೋಳಿಗೆ ತಲೆಯಾನಿಸಿ, ನೆಮ್ಮದಿಯಿಂದ ಕಣ್ಣು ಮುಚ್ಚಿದಳು.

"ದಾಟಿದ ಮೇಲೆ ಹೇಳು," ಎಂದಳು.

ಮುಚ್ಚಿಕೊಳ್ಳಬೇಕೆಂದು ಓರ್ಮುರ್‌ಗೂ ಬಲವಾಗಿ ಅನಿಸಿತು. ಆದರೆ ಆ ಸೌಲಭ್ಯ ಕಾರಿನಲ್ಲಿ ಒಬ್ಬರಿಗೆ ಮಾತ್ರ ಇತ್ತು.