ಬೆಂಚಿನ ದಾರಿಯ ಹುಲ್ಲು

ಉದ್ಯಾನದ ಹುಲ್ಲನ್ನು ಈ ವರ್ಷದಿಂದ ಬೇಸಿಗೆ ನಡುವಿನವರೆಗೆ ಕತ್ತರಿಸುವುದಿಲ್ಲವೆಂದು ಪುರಸಭೆಯವರು ತೀರ್ಮಾನಿಸಿದರು. ಜೇನ್ನೊಣಗಳಿಗೆ ಹೂವು ಬೇಕಂತೆ. ಡ್ಯಾನ್ಯೂಬ್ ದಂಡೆಯ ಆ ಬಲ್ಗೇರಿಯನ್ ಊರಿನಲ್ಲಿ ಹೆಚ್ಚಿನವರು ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. ನಿವೃತ್ತ ಬಸ್ ಚಾಲಕ ಗೆನಾದಿಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ಸೊಂಟದೆತ್ತರ ಬೆಳೆದ ಹುಲ್ಲು, ಅವನೂ ಗೆಳೆಯ ಮ್ಲಾದೆನನೂ ದಿನಾ ದಾಳ ಉರುಳಿಸುತ್ತಿದ್ದ ಬೆಂಚನ್ನೇ ನುಂಗಿತ್ತು. ಊರುಗೋಲಿನ ಮ್ಲಾದೆನ್ ಅಲ್ಲಿ ಮುಗ್ಗರಿಸಿ ಬಿದ್ದವನು ಆಮೇಲೆ ಮನೆ ಬಿಟ್ಟು ಹೊರಗೇ ಬಂದಿರಲಿಲ್ಲ.

ಶನಿವಾರ ಬೆಳಿಗ್ಗೆ ಗೆನಾದಿ ಅಪ್ಪನ ಕಾಲದ ಉದ್ದ ಹಿಡಿಯ ಕುಡುಗೋಲನ್ನು ಮಸೆದು, ಹೆಗಲಿಗೇರಿಸಿಕೊಂಡು ಉದ್ಯಾನಕ್ಕೆ ಬಂದ.

ಮೊದಲ ಬೀಸಿಗೇ ನೆರೆಮನೆಯ ಸ್ತೊಯಾಂಕಾ ಬಾಲ್ಕನಿಯಿಂದ ಕೂಗಿದಳು. "ಹಾಗಲ್ಲ ಕಣೋ ಗೆನಾದಿ! ಸೊಂಟ ತಿರುಗಿಸು, ಸೊಂಟ! ನಿನ್ನ ಮದುವೇಲೂ ಹೀಗೇ ದೀಪದ ಕಂಬದ ಹಾಗೆ ಕುಣಿದಿದ್ದೆ!"

"ಬಾಯಿ ಮುಚ್ಕೊಂಡು ಕಾಫಿ ಕುಡಿಯೇ!"

ಆ ಗದ್ದಲಕ್ಕೆ ಅದೇ ಕಟ್ಟಡದ ಮೇಲ್ಮಹಡಿಯ ದೆಸಿಸ್ಲಾವಾ ಇಳಿದು ಬಂದಳು. ಜೇನ್ನೊಣಗಳ ಪರವಾಗಿ ಊರೆಲ್ಲ ಭಾಷಣ ಮಾಡಿಕೊಂಡು ಓಡಾಡುವ ಹುಡುಗಿ. ಅವನೆದುರಿಗೇ ಹುಲ್ಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು.

"ತಾತ, ಮುಂದಕ್ಕೆ ಬಿಡಲ್ಲ."

"ಜೀವಮಾನವಿಡೀ ಬಸ್ ಓಡಿಸಿದೋನು ನಾನು. ರಸ್ತೇಲಿ ಹಸು ಮಲಗಿದ್ರೆ ಬಳಸ್ಕೊಂಡು ಹೋಗೋದು ಗೊತ್ತಮ್ಮ."

ಅವನು ಎಡಕ್ಕೆ ಕೊಯ್ದ. ಅವಳು ಕೂತಲ್ಲೇ ಎಡಕ್ಕೆ ಜರುಗಿದಳು. ಬಲಕ್ಕೆ ಕೊಯ್ದ, ಬಲಕ್ಕೆ ಬಂದಳು. ದಾರಿ ಕುಡಿದವನ ನಡಿಗೆಯಂತೆ ಅಂಕುಡೊಂಕಾದರೂ ಬೆಂಚಿನತ್ತಲೇ ಸಾಗಿತು. ಕೊಯ್ದ ದಾರಿಯಲ್ಲಿ ಮ್ಲಾದೆನ್ ದಾಳದಾಟದ ಮಡಿಸುವ ಹಲಗೆಯನ್ನು ಕಂಕುಳಲ್ಲಿಟ್ಟುಕೊಂಡು ಕುಂಟುತ್ತ ಬಂದೇಬಿಟ್ಟ. ಗೆನಾದಿಯ ಎದೆ ಉಬ್ಬಿತು.

ಅಷ್ಟರಲ್ಲಿ, ಯಾರೋ ಫೋನು ಮಾಡಿದ್ದಕ್ಕೆ ಪೊಲೀಸಿನವನೂ ಬಂದ.

"ನಿಲ್ಸಿ ಯಜಮಾನ್ರೇ. ನಿಯಮ ಇದೆ."

"ಬೇಡಿ ಹಾಕಪ್ಪ!" ಗೆನಾದಿ ಎರಡೂ ಕೈ ಚಾಚಿದ. "ಜೈಲಿಗೆ ಹೋಗ್ತೀನಿ, ಗೆಳೆಯನ್ನ ಮನೇಲಿ ಕೊಳೆಸಲ್ಲ!"

ಜನ ಕಿಕ್ಕಿರಿದು ಸೇರಿದರು. ಗೆನಾದಿ ಜೈಲಿಗೆ ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿರುವಾಗಲೇ ಉಪಮೇಯರ್ ತ್ಸಾಂಕೊವಾ ಕ್ಯಾಮೆರಾ ಹೊತ್ತ ಟೀವಿಯವನೊಬ್ಬನನ್ನು ಹಿಂದೆ ಕರೆದುಕೊಂಡು ಓಡೋಡಿ ಬಂದರು. ದಾರಿ ನೋಡಿದರು. ಗೆನಾದಿಯ ಕೈ ಹಿಡಿದು ಕುಲುಕತೊಡಗಿದರು.

"ನಿಮ್ಮಂಥವರನ್ನೇ ಹುಡುಕ್ತಿದ್ವಿ! ಯಂತ್ರ ಬೇಡ, ಓಡಾಡೋಕೆ ಮಾತ್ರ ಕೈಯಲ್ಲೇ ಕೊಯ್ದ ಡೊಂಕು ದಾರಿ ಬೇಕು ಅನ್ನೋದೇ ನಮ್ಮ ಯೋಜನೆಯ ಮುಂದಿನ ಹಂತ. ಇಡೀ ಊರಲ್ಲಿ ಇಂಥ ಕುಡುಗೋಲು ಬೀಸೋರೇ ಸಿಕ್ಕಿರಲಿಲ್ಲ!"

"ರೀ, ನಾನು ನಿಮ್ಮ ವಿರುದ್ಧ ಕೊಯ್ತಿದೀನಿ!"

"ಎಂಥಾ ವಿನಯ!" ತ್ಸಾಂಕೊವಾ ಕ್ಯಾಮೆರಾದತ್ತ ತಿರುಗಿ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ಸ್ತೊಯಾಂಕಾ ಬಾಲ್ಕನಿಯಿಂದಲೇ ಹೂವು ಎಸೆದಳು, ಕುಂಡದ ಮಣ್ಣಿನ ಸಮೇತ.

ಗೆನಾದಿಯ ಕಿವಿ ಕೆಂಪೇರಿತು. ಜೈಲಿಗೆ ಸಿದ್ಧನಾಗಿದ್ದವನು ಚಪ್ಪಾಳೆಗೆ ಸಿದ್ಧನಾಗಿರಲಿಲ್ಲ. ಕುಡುಗೋಲನ್ನು ನೆಲಕ್ಕೆ ಎಸೆದ.

"ನಿಮ್ಮ ಯೋಜನೆಗೆ ನಾನು ಒಂದು ಕಡ್ಡೀನೂ ಕೊಯ್ಯಲ್ಲ!"

"ನೀವು ಸುಧಾರಿಸ್ಕೊಳ್ಳಿ, ಪಾಪ. ಬೆಂಚಿನ ತನಕ ನಮ್ಮವರೇ ಮುಗಿಸ್ತಾರೆ," ಎಂದು ತ್ಸಾಂಕೊವಾ ಸನ್ನೆ ಮಾಡಿದರು. ಪೊಲೀಸಿನವನು ಕುಡುಗೋಲು ಎತ್ತಿಕೊಂಡ.

ಗೆನಾದಿ ಒಂದೇ ನೆಗೆತಕ್ಕೆ ಹೋಗಿ ದೆಸಿಸ್ಲಾವಾಳ ಪಕ್ಕದಲ್ಲಿ ಧೊಪ್ಪನೆ ಕೂತ. "ಮುಟ್ಟಿ, ನೋಡೋಣ! ಈ ಹುಲ್ಲಿನ ತಂಟೆಗೆ ಬಂದ್ರೆ ಸುಮ್ನಿರಲ್ಲ!" ಹುಡುಗಿ ಸಂಭ್ರಮದಿಂದ ಅವನ ಕಿವಿಗೊಂದು ಗಸಗಸೆ ಹೂವು ಸಿಕ್ಕಿಸಿದಳು. ತ್ಸಾಂಕೊವಾ ತಲೆ ಕೊಡವಿಕೊಂಡು ಹೊರಟುಹೋದರು. ಪೊಲೀಸಿನವನೂ ಕುಡುಗೋಲನ್ನು ಅಲ್ಲೇ ಬಿಟ್ಟು ಅವರ ಹಿಂದೆ ನಡೆದ.

"ಲೋ, ಬೆಂಚು ಇಲ್ಲೇ ಕಾಣ್ತಿದೆಯಲ್ಲೋ," ಮ್ಲಾದೆನ್ ಗೋಗರೆದ. "ಅವರು ಕೊಯ್ದು ಕೊಡ್ತಿದ್ರು. ನಿನಗೇನಾಗಿತ್ತು ದೊಡ್ಡರೋಗ?"

"ಅವರು ಕೊಟ್ಟಿದ್ದು ನನಗೆ ಬೇಡ. ಆಡೋದಾದ್ರೆ ಇಲ್ಲೇ ಕೂತು ಆಡು."

ಮ್ಲಾದೆನ್ ಗೆಳೆಯನ ಏಳು ತಲೆಮಾರಿಗೂ ಶಾಪ ಹಾಕುತ್ತ ಕಷ್ಟಪಟ್ಟು ನೆಲಕ್ಕೆ ಕೂತು ಹಲಗೆ ಬಿಚ್ಚಿದ. ಗೆನಾದಿ ದಾಳಗಳನ್ನು ಮುಷ್ಟಿಯಲ್ಲಿ ಕುಲುಕಿದ. ಅದೇ ಹೊತ್ತಿಗೆ ಹುಲ್ಲಿನ ಧೂಳು ಮೂಗಿಗೇರಿತು. ಅವನು ಸೀನಿದ ರಭಸಕ್ಕೆ ದಾಳಗಳೆರಡೂ ಹಾರಿ ಎತ್ತರದ ಹುಲ್ಲಿನೊಳಗೆ ಮಾಯವಾದವು.

ಹುಡುಕಬೇಕೆಂದರೆ ಹುಲ್ಲು ಕೊಯ್ಯಬೇಕಿತ್ತು. ಗೆನಾದಿ ಕದಲಲಿಲ್ಲ.