ಹದಿನಾಲ್ಕು ವರ್ಷ ಮೇಲ್ಪಟ್ಟವರಿಗೆ

ಸಿಂಚನಾ, ನಿಶ್ಚಿತಾ, ಇದನ್ನು ನಿಮ್ಮಿಬ್ಬರಿಗಾಗಿ ಬರೆಯುತ್ತಿದ್ದೇನೆ. ಸಿಂಚನ ಏಳನೇ ಕ್ಲಾಸಿನಲ್ಲಿದ್ದಾಳೆ, ಈಗಲೇ ಓದಬಹುದು. ನಿಶ್ಚಿತನಿಗೆ ಇನ್ನೂ ನಾಲ್ಕು ವರ್ಷ, ಅಕ್ಷರ ಕಲಿತ ಮೇಲೆ ಓದಲಿ. ಹಾಗಲವಾಡಿ ಶಾಲೆಯಲ್ಲಿ ನಾನು ಕಲಿತದ್ದೂ ಏಳನೇ ಕ್ಲಾಸಿನವರೆಗೇ, ಹಾಗಾಗಿ ಸಿಂಚನಳಿಗೆ ತಿಳಿಯದ ಮಾತು ಇದರಲ್ಲಿ ಒಂದೂ ಇರಲಾರದು. ಬಾಯಲ್ಲೇ ಹೇಳಬಾರದೇ ಅಜ್ಜಿ ಎಂದರೆ, ನನಗೆ ಹೇಳಲು ಬರುವುದಿಲ್ಲ. ನಾಲ್ಕು ಜನ ಸೇರಿದರೆ ನನ್ನ ದನಿ ಹೊಟ್ಟೆಯೊಳಗೇ ಕೂತುಬಿಡುತ್ತದೆ. ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕೂಗಿದಾಗ ನಾನು ಹೇಳುತ್ತಿದ್ದ 'ಹಾಜರ್ ಸಾರ್' ನನಗೇ ಕೇಳುತ್ತಿರಲಿಲ್ಲ. ಮೊದಲ ಬೆಂಚಿನಲ್ಲಿ ಕೂತಿದ್ದೂ ಎಷ್ಟೋ ದಿನ ಗೈರುಹಾಜರಾಗಿದ್ದೇನೆ. ಅಂಥವಳು ಹೋದ ದಸರೆಯಲ್ಲಿ ಒಂದು ಮನೆ ತುಂಬ ಹೆಂಗಸರ ಮುಂದೆ ಬಾಯಿಬಿಟ್ಟೆ. ಅದು ಒಂದು ವಿಮಾನದಿಂದಾಗಿ.

ಆ ವಿಮಾನ ನಿಶ್ಚಿತನ ಹುಟ್ಟುಹಬ್ಬಕ್ಕೆ ಅವನ ಸೋದರಮಾವ ತಂದದ್ದು. ಡಬ್ಬಿಯ ಮೇಲೆ ಮೋಡ ಸೀಳಿಕೊಂಡು ಹಾರುವ ಯುದ್ಧ ವಿಮಾನದ ಚಿತ್ರವಿತ್ತು. ತೆರೆದರೆ ಒಳಗೆ ವಿಮಾನವೇ ಇರಲಿಲ್ಲ, ವಿಮಾನದ ಮೂಳೆಗಳಿದ್ದವು. ಕರಿಬೇವಿನ ಕಡ್ಡಿಗೆ ಎಲೆ ಅಂಟಿಕೊಂಡಿರುತ್ತದಲ್ಲ, ಹಾಗೆ ಬೂದುಬಣ್ಣದ ಪ್ಲಾಸ್ಟಿಕ್ ಕಡ್ಡಿಗಳಿಗೆ ರೆಕ್ಕೆ, ಬಾಲ, ಚಕ್ರ, ಕಡಲೆಬೇಳೆಯಷ್ಟು ದೊಡ್ಡ ಸೀಟು, ಎಲ್ಲವೂ ಬಿಡಿಬಿಡಿಯಾಗಿ ಅಂಟಿಕೊಂಡಿದ್ದವು. ಒಂದೊಂದನ್ನೂ ಕತ್ತರಿಸಿ, ಉಪ್ಪುಕಾಗದದಲ್ಲಿ ಉಜ್ಜಿ, ಅಂಟಿಸಿ, ನಾವೇ ಬಣ್ಣ ಹಚ್ಚಬೇಕಂತೆ. ನಿಮ್ಮಮ್ಮ ಲತಾ ಡಬ್ಬಿಯ ಮೂಲೆಯಲ್ಲಿದ್ದ ಅಕ್ಷರ ಓದಿ, "ಹದಿನಾಲ್ಕು ವರ್ಷ ಮೇಲ್ಪಟ್ಟವರಿಗೆ ಅಂತ ಬರ್ದಿದ್ದಾರೆ. ಇವ್ನಿಗೆ ಇನ್ನೂ ಹತ್ತು ವರ್ಷ ಬೇಕು. ಸಜ್ಜೆ ಮೇಲೆ ಹಾಕಿಬಿಡಿ ಅತ್ತೆ" ಎಂದಳು. ಹಾಕಿದೆ. ಹಪ್ಪಳದ ಡಬ್ಬ ಹುಡುಕಲು ಹತ್ತಿದ ದಿನ ಇಳಿಸಿದೆ. ಆಮೇಲೆ ಅದು ಸಜ್ಜೆಗೆ ಹೋಗಲಿಲ್ಲ. ನನಗೆ ಅರವತ್ತಾರು. ಡಬ್ಬಿಯವರು ಕೇಳಿದ ವಯಸ್ಸು ದಾಟಿ ಎಷ್ಟೋ ಕಾಲವಾಗಿತ್ತು.

ನಿಮ್ಮ ತಾತನಿಗೆ ಗುಬ್ಬಿಯಲ್ಲಿ ವಾಚ್ ರಿಪೇರಿ ಅಂಗಡಿ ಇದ್ದದ್ದು ನಿಮಗೆ ಗೊತ್ತು. ಅವರ ತಗಡಿನ ಡಬ್ಬಿ ನನ್ನ ಟ್ರಂಕಿನಲ್ಲಿತ್ತು. ಅದರಲ್ಲಿ ಚಿಮಟಗಳು, ಸೂಜಿಯಂಥ ಸ್ಕ್ರೂಡ್ರೈವರುಗಳು, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ, ಯಾರೂ ವಾಪಸು ಕೇಳದ ವಾಚುಗಳ ಚಕ್ರಗಳು ಇದ್ದವು. ಅವರು ಇರುವವರೆಗೂ ನಾನು ಅದನ್ನು ಮುಟ್ಟುವಂತಿರಲಿಲ್ಲ. "ಮುಟ್ಬೇಡ ಕಣೇ, ಒಂದು ಸ್ಕ್ರೂ ಹೋದ್ರೆ ಒಬ್ಬನ ಟೈಮೇ ಹೋಗುತ್ತೆ" ಎನ್ನುತ್ತಿದ್ದರು. ಆದರೆ ಸ್ಕ್ರೂ ಕೈಜಾರಿ ಬಿದ್ದಾಗ ಹುಡುಕಿಕೊಡಲು ಮಾತ್ರ ಅಂಗಡಿಯ ಹಿಂದಿದ್ದ ಮನೆಯೊಳಗಿನಿಂದ ನನ್ನನ್ನೇ ಕರೆಯುತ್ತಿದ್ದರು. ನಾನು ನೆಲಕ್ಕೆ ಕೆನ್ನೆ ಇಟ್ಟು, ಬೆಳಕಿಗೆ ಎದುರಾಗಿ ನೋಡಿ, ಹುಡುಕಿ ಕೊಟ್ಟು ಒಲೆಯ ಮುಂದೆ ಹೋಗುತ್ತಿದ್ದೆ. ಅವರ ಮೇಲೆ ಸಿಟ್ಟಿಲ್ಲ, ಒಳ್ಳೆಯವರು. ಸುಮ್ಮನೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ. ಡಬ್ಬಿ ತೆರೆದು ಚಿಮಟ ಹಿಡಿದಾಗ ಅದು ನನ್ನ ಬೆರಳಿಗೆ ಎಷ್ಟು ಸರಿಯಾಗಿ ಕೂತಿತೆಂದರೆ, ಮೂವತ್ತೈದು ವರ್ಷ ತಪ್ಪು ಕೈಯಲ್ಲಿತ್ತೇನೋ ಅನ್ನಿಸಿತು.

ಜೋಡಿಸುವ ಕ್ರಮದ ಹಾಳೆಯಲ್ಲಿ ಬರೆದದ್ದು ನನಗೆ ಓದಲು ಬಾರದ ಭಾಷೆ. ಚಿತ್ರ ನೋಡಿ ಜೋಡಿಸಿದೆ. ಎಲ್ಲ ಮುಗಿಸಿ ಮೇಜಿನ ಮೇಲೆ ನಿಲ್ಲಿಸಿದರೆ ವಿಮಾನ ಮೂಗನ್ನು ಆಕಾಶಕ್ಕೆ ಎತ್ತಿ, ಬಾಲ ಮೇಜಿಗೂರಿ, ನಾಯಿಯ ಹಾಗೆ ಕೂತುಬಿಟ್ಟಿತು. ಎಷ್ಟು ಸಲ ನಿಲ್ಲಿಸಿದರೂ ಅದೇ. ಆಗ ಸಿಂಚನಾ, ನೀನು ಹಾಳೆ ಓದಿ, "ಅಜ್ಜಿ, ಮುಚ್ಚೋಕ್ ಮುಂಚೆ ಮೂಗಿನೊಳಗೆ ಭಾರ ಹಾಕ್ಬೇಕಿತ್ತಂತೆ" ಎಂದೆ. ಬ್ಲೇಡಿನಲ್ಲಿ ಮೂಗು ಕೊಯ್ದೆ. ಭಾರಕ್ಕೆ ಏನು ಹಾಕಲಿ ಎಂದು ಸುತ್ತ ನೋಡಿದೆ, ತಾತನ ಡಬ್ಬಿಯಲ್ಲಿ ಹಿತ್ತಾಳೆಯ ಚಕ್ರಗಳು ಸುಮ್ಮನೆ ಬಿದ್ದಿದ್ದವು. ಅವುಗಳಲ್ಲಿ ಏಳನ್ನು ತುಂಬಿ ಮೂಗನ್ನು ಮತ್ತೆ ಅಂಟಿಸಿದೆ. ವಿಮಾನ ಮೂರು ಚಕ್ರದ ಮೇಲೆ ಮರ್ಯಾದೆಯಾಗಿ ನಿಂತಿತು. ಅದು ನಿಜವಾದ ವಿಮಾನದ ಎಪ್ಪತ್ತೆರಡರಲ್ಲಿ ಒಂದು ಪಾಲಂತೆ. ಅದೇ ಲೆಕ್ಕದಲ್ಲಿ ನನ್ನನ್ನೂ ಕುಗ್ಗಿಸಿದರೆ ಒಂದು ಇಂಚೂ ಇರುವುದಿಲ್ಲ. ಜನರ ಮುಂದೆ ನಾನು ಇರುವ ಅಳತೆಯೂ ಸುಮಾರು ಅಷ್ಟೇ.

ಬಣ್ಣ ತರಲು ವಿಮಾನದ ಡಬ್ಬಿ ಹಿಡಿದುಕೊಂಡು ನಮ್ಮ ಬಟವಾಡಿ ಬಡಾವಣೆಯಿಂದ ತುಮಕೂರು ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಅಂಗಡಿಗೆ ಹೋದೆ. ಅಂಗಡಿಯವನು "ಯಾರಿಗಮ್ಮ?" ಎಂದ. ನನಗೇ ಎನ್ನಲು ನಾಲಿಗೆ ಹೊರಳಲಿಲ್ಲ. "ಮೊಮ್ಮಗನಿಗೆ" ಎಂದೆ. "ಎಷ್ಟು ವರ್ಷ?" ಎಂದ. ಇಲ್ಲಿಯಾದರೂ ಹದಿನೈದು ಎನ್ನಬಹುದಿತ್ತು. ಆದರೆ ಒಂದೇ ದಿನ ಎರಡು ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. "ನಾಲ್ಕು" ಎಂದೆ. ಅವನು ಬಣ್ಣದ ಸೀಸೆಗಳನ್ನು ನೋಡಿದ, ನನ್ನನ್ನು ನೋಡಿದ. "ನಾಲ್ಕು ವರ್ಷದೋನು ಯುದ್ಧ ವಿಮಾನ ಮಾಡ್ತಾನಾ?" "ಬಹಳ ಚುರುಕು" ಎಂದೆ. ಅಲ್ಲಿಂದ ಮುಂದೆ ಹೋದಾಗಲೆಲ್ಲ "ಏನಂತಾನಮ್ಮ ನಿಮ್ ಚುರುಕು ಮೊಮ್ಮಗ?" ಎಂದು ಕೇಳುತ್ತಿದ್ದ. ನಿಶ್ಚಿತಾ, ಆ ಅಂಗಡಿಯಲ್ಲಿ ನಿನಗೆ ಬಹಳ ಹೆಸರಿದೆ. ವಿಮಾನ ಹಾರಿ ಹಳೆಯದಾದಂತೆ ಕಾಣಲು ಹೊಗೆಗೂ ಧೂಳಿಗೂ ಬೇರೆ ಬೇರೆ ಪುಡಿ ಇದೆ, ತಗೊಳ್ಳಿ ಎಂದು ತೋರಿಸಿದ. ಅದನ್ನು ಮಾತ್ರ ಕೊಳ್ಳಲಿಲ್ಲ. ಧೂಳಿಗೆ ದೇವರ ಮನೆಯ ವಿಭೂತಿ ಇತ್ತು, ಹೊಗೆಗೆ ದೀಪದ ಮಸಿ ಇತ್ತು. ಬೇರೆ ದೇಶದ ಯಾವ ವಿಮಾನಕ್ಕೂ ಸಿಗದ ಭಾಗ್ಯ ಅದು.

ಇದರಿಂದ ಏನುಪಯೋಗ ಎಂದು ಕೇಳುವವರಿದ್ದಾರೆ. ಮೊದಲು ಕೇಳಿದವಳು ತಾತನ ತಂಗಿ ಗಿರಿಜ, ನಿಮ್ಮ ಕುಣಿಗಲ್ ಅಜ್ಜಿ. ದಸರೆಗೆಂದು ಬಂದವಳು ನನ್ನ ಮೇಜು ನೋಡಿ ಬ್ಯಾಗನ್ನೂ ಕೆಳಗಿಡದೆ ನಿಂತಳು. "ಏನತ್ತಿಗೆ ಇದು? ಈ ವಯಸ್ಸಲ್ಲಿ ಆಟದ್ ಸಾಮಾನು ಇಟ್ಕೊಂಡು ಕೂತಿದೀಯ? ಏನುಪ್ಯೋಗ ಇದ್ರಿಂದ?" ನಾನು ಎಂದಿನಂತೆ ನಕ್ಕೆ. ಆಗ ಹೇಳದ್ದನ್ನು ಇಲ್ಲಿ ಬರೆಯುತ್ತೇನೆ. ಬೆಳಗ್ಗೆ ಇಟ್ಟ ರಂಗೋಲಿಯನ್ನು ಮಧ್ಯಾಹ್ನದ ಹೊತ್ತಿಗೆ ಹತ್ತು ಜನ ತುಳಿದಿರುತ್ತಾರೆ, ಅದರ ಉಪಯೋಗವನ್ನು ಯಾರೂ ಕೇಳಿಲ್ಲ. ಗಿರಿಜಾ, ನಿನ್ನ ಯಜಮಾನರು ದಿನಾ ಎರಡು ಗಂಟೆ ಇಸ್ಪೀಟಾಡುತ್ತಾರೆ, ಅವರನ್ನೂ ಕೇಳಿಲ್ಲ. ಬುದ್ಧಿ ಬಂದಂದಿನಿಂದ ನಾನು ಮಾಡಿದ್ದೆಲ್ಲ ಉಪಯೋಗದ ಕೆಲಸವೇ. ರಾಗಿ ಬೀಸಿದ್ದು, ಮುದ್ದೆ ತಿರುವಿದ್ದು, ಮಗನನ್ನು ಓದಿಸಿದ್ದು, ನೆಲದ ಮೇಲಿಂದ ಸ್ಕ್ರೂ ಹುಡುಕಿದ್ದು. ಇನ್ನು ಒಂದು ಕೆಲಸವನ್ನಾದರೂ ಯಾರ ಉಪಯೋಗಕ್ಕೂ ಬಾರದ ಹಾಗೆ ಮಾಡುತ್ತೇನೆ, ಚೆನ್ನಾಗಿ ಮಾಡುತ್ತೇನೆ.

ಲತಾ ಪ್ರತಿ ದಸರೆಗೂ ಬೊಂಬೆ ಕೂರಿಸುತ್ತಾಳಲ್ಲ, ಈ ಸಲ ಕೆಳಗಿನ ಮೆಟ್ಟಿಲಲ್ಲಿ ಜಾಗ ಉಳಿದಿತ್ತು. "ಅತ್ತೆ, ನಿಮ್ ವಿಮಾನ ಇಲ್ಲಿಡೋಣ" ಎಂದಳು. ನನಗೆ ಕಿವಿಯವರೆಗೂ ಬಿಸಿಯಾಯಿತು. ಬೇಡ ಎನ್ನುತ್ತ ನಾನೇ ಹೋಗಿ ತಂದೆ. ಗಿರಿಜ ತಡೆಯಲಿಲ್ಲ, ಆದರೆ ಒಂದು ಮಾತು ಹೇಳಿದಳು. "ಇಡು, ಯಾರು ಬ್ಯಾಡ ಅಂದ್ರು. ಕೇಳಿದ್ರೆ ಮೊಮ್ಮಗ ಮಾಡಿದ್ದು ಅನ್ನು. ಗಂಡನ್ನ ಕಳ್ಕೊಂಡೋಳು ಬೊಂಬೆ ಆಡ್ಕೊಂಡು ಕೂತವ್ಳೆ ಅಂತ ಬಟವಾಡಿ ಜನ ಆಡ್ಕೊಳ್ಳೋದು ಬ್ಯಾಡ. ಇನ್ನೊಂದು, ಅರಿಶಿನ ಕುಂಕುಮಕ್ಕೆ ಬರೋರ ಮುಂದೆ ನೀನು ಕೂತ್ಕೋಬ್ಯಾಡ ಅತ್ತಿಗೆ, ಒಳಗೇ ಇರು." ಅವಳನ್ನು ಬೈಯಲು ನನಗೆ ಬಾಯಿರಲಿಲ್ಲ. ಆ ಸುಳ್ಳಿಗೆ ಅಡಿಪಾಯ ಹಾಕಿದವಳು ಬಣ್ಣದಂಗಡಿಯಲ್ಲಿ ನಾನೇ. ಅಡಿಗೆಮನೆಗೆ ಬಂದು ಮಕ್ಕಳಿಗೆ ಹಂಚುವ ಚರಪಿಗೆ ಕಡಲೆ, ಕೊಬ್ಬರಿ, ಸಕ್ಕರೆ ಬೆರೆಸುತ್ತ ಕೂತೆ. ಸಿಂಚನಾ, ನೀನು ಹಿಂದೆಯೇ ಬಂದೆ. "ನೀನ್ಯಾಕೆ ಸುಮ್ನಿದ್ದೆ ಅಜ್ಜಿ?" "ಹೇಳಿದ್ರೆ ಏನು ಬರುತ್ತೆ, ಬುಡು." "ನಾನು ಬರ್ದಿದ್ದ ಹೋಂವರ್ಕ್‌ಗೆ ಇನ್ನೊಬ್ರ ಹೆಸ್ರು ಹಾಕ್ಕೊಂಡ್ರೆ ನೀನು ಬಿಡ್ತಿದ್ಯಾ?" ಎಂದು ಕೇಳಿ ಹೊರಟುಹೋದೆ. ನಾನು ಚರಪಿಗೆ ಎರಡನೇ ಸಲ ಸಕ್ಕರೆ ಹಾಕಿದೆ.

ಆಯುಧಪೂಜೆಯ ದಿನ ನಿಮ್ಮಪ್ಪ ಸ್ಕೂಟರ್ ತೊಳೆದು, ಹೂವು ಹಾಕಿ, ಚಕ್ರದಡಿ ನಿಂಬೆಹಣ್ಣಿಟ್ಟ. ನನ್ನ ವಿಮಾನವೂ ವಾಹನವೇ ತಾನೆ. ಎಪ್ಪತ್ತೆರಡರಲ್ಲಿ ಒಂದು ಪಾಲಿಗೆ ನಿಂಬೆಹಣ್ಣು ಎಷ್ಟಾದೀತೆಂದು ಯೋಚಿಸಿದೆ. ರಾಗಿ ಕಾಳಿಗಿಂತಲೂ ಚಿಕ್ಕದು. ಹೆಚ್ಚುಕಡಿಮೆ ಇರಲಿ ಎಂದು ಯಾರಿಗೂ ಕಾಣದ ಹಾಗೆ ಮೂರು ಚಕ್ರಕ್ಕೂ ಒಂದೊಂದು ರಾಗಿ ಕಾಳಿಟ್ಟು ಕೈಮುಗಿದೆ.

ಸಂಜೆ ಹೆಂಗಸರು ಬಂದರು. ನಾನು ಅಡಿಗೆಮನೆ ಬಾಗಿಲ ಪರದೆಯ ಹಿಂದೆ ನಿಂತಿದ್ದೆ. ಎದುರುಮನೆಯ ಟೀಚರಮ್ಮ ಕನ್ನಡಕ ಸರಿಮಾಡಿಕೊಂಡು ಕೆಳಗಿನ ಮೆಟ್ಟಿಲಿಗೆ ಬಗ್ಗಿದರು. "ಎಷ್ಟು ನೀಟಾಗಿದೆ. ಯಾರು ಮಾಡಿದ್ದು?" ಲತಾ ಬಾಯಿ ತೆರೆಯುವ ಮೊದಲೇ ಗಿರಿಜ, "ನಮ್ ನಿಶ್ಚಿತ" ಎಂದಳು. ಟೀಚರಮ್ಮ ಬೆರಗಾದರು. "ಹೌದೇನೋ ಪುಟ್ಟಾ? ಹೆಂಗ್ ಮಾಡ್ದೆ, ತೋರ್ಸು." ನಿಶ್ಚಿತಾ, ತೋರಿಸು ಎಂದರೆ ತೋರಿಸುವ ಮಗು ನೀನು. ವಿಮಾನ ಎತ್ತಿಕೊಂಡು, "ಹಿಂಗೆ" ಎಂದು ಬುರ್ ಎನ್ನಿಸಿಕೊಂಡು ನೇರವಾಗಿ ಮರದ ಮೆಟ್ಟಿಲಿಗೆ ಇಳಿಸಿದೆ. ನಾನು ಕೊಯ್ದು ಅಂಟಿಸಿದ ಜಾಗದಲ್ಲೇ ಮೂಗು ಕಿತ್ತುಬಂತು. ಹಿತ್ತಾಳೆಯ ಚಕ್ರಗಳು ಬೊಂಬೆಗಳ ನಡುವೆ ಉರುಳಿದವು.

"ಅಯ್ಯೋ, ಇಷ್ಟ್ ಸಣ್ಣ ಮಗೂಗೆ ಇಂಥದ್ದೆಲ್ಲ ಕೊಡ್ತಾರೇನ್ರೀ? ಬಾಯಿಗ್ ಹಾಕ್ಕೊಂಡ್ರೆ ಏನ್ ಗತಿ?" ಎಂದು ಟೀಚರಮ್ಮ ಲತಾಳ ಕಡೆ ತಿರುಗಿದರು. ಉಳಿದವರೂ ತಿರುಗಿದರು. ಲತಾಳ ಮುಖ ಕೆಂಪಾಯಿತು. ಆದರೂ ಆ ಹುಡುಗಿ ನನ್ನ ಹೆಸರು ಹೇಳಲಿಲ್ಲ. ಸುಮ್ಮನೆ ತಲೆತಗ್ಗಿಸಿ ನಿಂತಳು, ನನ್ನ ಹಾಗೆ. ಅದನ್ನು ಮಾತ್ರ ನನ್ನಿಂದ ನೋಡಲಾಗಲಿಲ್ಲ. ಪರದೆ ಸರಿಸಿ, ಕೈತುಂಬ ಚರಪು ಹಿಡಿದುಕೊಂಡೇ ಹಾಲಿಗೆ ಬಂದೆ. "ಅವಳೇನೂ ಕೊಟ್ಟಿಲ್ಲ. ಮೊಮ್ಮಗ ಮಾಡಿದ್ದಲ್ಲ ಅದು, ನಾನು ಮಾಡಿದ್ದು. ಮೊದ್ಲಿಂದ ಕೊನೇತನಕ ನಾನೇ." ದನಿ ಎಷ್ಟು ಜೋರಾಗಿತ್ತೆಂದರೆ ನಿಶ್ಚಿತ ಬುರ್ ಎನ್ನುವುದನ್ನು ನಿಲ್ಲಿಸಿದ. ಐವತ್ತು ಚಿಲ್ಲರೆ ವರ್ಷ ತಡವಾಗಿ ಹಾಜರಿ ಹೇಳಿದ ಹಾಗಾಯಿತು.

ಗಿರಿಜ ಬಗ್ಗಿ ಒಂದು ಚಕ್ರವನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು. "ಇದು ಅಣ್ಣನ ಡಬ್ಬೀದಲ್ವಾ?" ಎಂದಳು. ಹೌದು ಎಂದೆ. "ಅಣ್ಣ ಇದ್ದಿದ್ರೆ ಮುಟ್ಟಕ್ಕೆ ಬಿಡ್ತಿರ್ಲಿಲ್ಲ." "ಬಿಡ್ತಿರ್ಲಿಲ್ಲ. ಈಗ ಮುಟ್ತೀನಿ" ಎಂದೆ.  ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ರೇಷ್ಮೆ ಸೀರೆಯಲ್ಲೇ ನೆಲಕ್ಕೆ ಕೂತು ಚಕ್ರ ಹುಡುಕತೊಡಗಿದಳು. ಆರು ಸಿಕ್ಕವು, ಏಳನೆಯದು ಸಿಗಲಿಲ್ಲ. ನಾನು ನೆಲಕ್ಕೆ ಕೆನ್ನೆ ಇಟ್ಟೆ. ಪಟ್ಟದ ಬೊಂಬೆಯ ಹಿಂದೆ ಇತ್ತು. ಅಲ್ಲೇ, ಅರಿಶಿನ ಕುಂಕುಮದ ತಟ್ಟೆಯ ಪಕ್ಕದಲ್ಲೇ ಕೂತು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಮೂಗು ಅಂಟಿಸಿದೆ. ಯಾರೂ ಎದ್ದುಹೋಗಲಿಲ್ಲ. ಟೀಚರಮ್ಮ, "ಒಂದ್ಸಲ ಆ ಗಾಜಲ್ಲಿ ನಾನೂ ನೋಡ್ಲಾ?" ಎಂದರು. ಚರಪು ಬಹಳ ಸಿಹಿಯಾಗಿದೆ ಎಂದು ಮಾತ್ರ ಎಲ್ಲರೂ ಹೇಳಿದರು.

ಹಬ್ಬ ಕಳೆದ ಮೇಲೆ ಹೊಸ ಡಬ್ಬಿ ತರಲು ಅದೇ ಅಂಗಡಿಗೆ ಹೋದೆ. ಈ ಸಲದ್ದು ಟ್ರ್ಯಾಕ್ಟರ್. ಕುಣಿಗಲ್‌ಗೆ ಹೊರಡುವಾಗ ಗಿರಿಜ, ತನ್ನ ಶೋಕೇಸಿನಲ್ಲೂ ಜಾಗವಿದೆ ಎಂದು ಎಲ್ಲೋ ನೋಡಿಕೊಂಡು ಹೇಳಿದ್ದಳು. ಅಂಗಡಿಯವನು ಬಿಲ್ಲು ಹರಿಯುತ್ತ, "ಚುರುಕು ಮೊಮ್ಮಗನಿಗೇನಮ್ಮ?" ಎಂದ. ನನ್ನ ಬಾಯಿ ತಾನಾಗಿಯೇ "ಹೂಂ" ಎಂದಿತು. ಅಷ್ಟು ಜನರ ಮುಂದೆ ಗುಡುಗಿದವಳು ಒಬ್ಬ ಅಂಗಡಿಯವನ ಮುಂದೆ ಮತ್ತೆ ಒಂದಿಂಚಾದೆ. ಮೆಟ್ಟಿಲಿಳಿದು ಬಸ್‌ಸ್ಟ್ಯಾಂಡಿನವರೆಗೂ ಹೋದೆ. ಬಟವಾಡಿ ಬಸ್ಸು ನಿಂತಿತ್ತು. ಹತ್ತಲಿಲ್ಲ. ವಾಪಸು ಬಂದು, "ನಂಗೇ" ಎಂದೆ. ಅವನಿಗೆ ಅರ್ಥವಾಗಲಿಲ್ಲ. "ಟ್ರ್ಯಾಕ್ಟರ್ ನಂಗೇ. ಮುಂಚಿಂದೂ ನಂಗೇ. ಹದಿನಾಲ್ಕು ದಾಟಿದೆ" ಎಂದು ಹೇಳಿ ಬಂದೆ.

ಈ ಹಾಳೆಗಳನ್ನು ವಿಮಾನದ ಖಾಲಿ ಡಬ್ಬಿಯಲ್ಲಿಡುತ್ತೇನೆ. ಜೋಪಾನ ಮಾಡಿ ಮಕ್ಕಳೇ. ಇಲಿಯಿಂದಲ್ಲ, ನೀರಿನಿಂದಲೂ ಅಲ್ಲ, ನನ್ನಿಂದ. ಬಣ್ಣ ಹಚ್ಚಲು ಕೂತರೆ ಕೈಗೆ ಸಿಕ್ಕ ಕಾಗದವನ್ನೆಲ್ಲ ಕೆಳಗೆ ಹಾಸಿಕೊಳ್ಳುವ ಚಾಳಿ ನನ್ನದು. ಮೊದಲ ಪುಟದ ಮೇಲೆ ಈಗಾಗಲೇ ಟ್ರ್ಯಾಕ್ಟರಿನ ಕೆಂಪು ಮಡ್‌ಗಾರ್ಡ್ ಒಣಗುತ್ತಿದೆ.